ಬೀಳದ ಒನಕೆ

ಡಿಸೆಂಬರ್ 26, 2019, ಗುರುವಾರ. ಬೇರಿಕೆಯ ನಮ್ಮ ಬೀದಿಯಲ್ಲಿ ಸೂರ್ಯಗ್ರಹಣ ಹಿಡಿದದ್ದು ಬೆಳಿಗ್ಗೆ 8.07ಕ್ಕೆ, ನನ್ನ ಡೈರಿಯಲ್ಲಿ ಹಾಗಿದೆ. ಶಾಲೆಯಲ್ಲಿ ಕೊಟ್ಟಿದ್ದ ಒಂದೇ ಒಂದು ಗ್ರಹಣದ ಕನ್ನಡಕ ಮೂವತ್ತೊಂದು ಜನರ ಕೈ ದಾಟಿತು. ಅದನ್ನೂ ಎಣಿಸಿದ್ದೆ. ಒಂಬತ್ತೂವರೆಗೆ ಸೂರ್ಯ ಸವೆದ ಕುಡುಗೋಲಿನಂತಾದಾಗ ಎಲ್ಲರೂ ಹೋ ಎಂದರು.

ಆಮೇಲೆ ಜನ ಆಕಾಶ ಬಿಟ್ಟು ನಮ್ಮ ಅಂಗಳಕ್ಕೆ ಬಂದು ಸೇರಿದರು. ಅಲ್ಲಿ ಅಜ್ಜಿ ಹಿತ್ತಾಳೆ ಹರಿವಾಣಕ್ಕೆ ನೀರು ಹಾಕಿ ಒನಕೆಯನ್ನು ನೆಟ್ಟಗೆ ನಿಲ್ಲಿಸಿದ್ದಳು. ಗ್ರಹಣ ಇರುವವರೆಗೆ ಅದು ನಿಲ್ಲುತ್ತದೆ, ಬಿಟ್ಟೊಡನೆ ತಾನಾಗಿ ಬೀಳುತ್ತದೆ ಎಂದು ನಮ್ಮಲ್ಲಿ ನಂಬುತ್ತಾರೆ.

ಒಳಕೋಣೆಯಲ್ಲಿ ಏಳು ತಿಂಗಳ ಬಸುರಿ ಅತ್ತಿಗೆ. ಹಿಂದಿನ ದಿನ ಉಂಡದ್ದೇ ಕೊನೆ. ಗ್ರಹಣ ಬಿಡುವ ತನಕ ಹನಿ ನೀರಿಲ್ಲ, ಬಾಗಿಲಿಗೆ ಹೊರಗಿನಿಂದ ಚಿಲಕ.

11.12ಕ್ಕೆ ಸೂರ್ಯ ಪೂರ್ತಿ ದುಂಡಗಾದ. ಕನ್ನಡಕ ಹಾಕಿ ಎರಡು ಸಲ ನೋಡಿ ಬರೆದುಕೊಂಡೆ. ಒನಕೆ ಅಲ್ಲಾಡಲಿಲ್ಲ. 11.20, ನಿಂತಿದೆ. 11.35, ನಿಂತಿದೆ.

"ಗ್ರಹಣ ಬಿಟ್ತು ಅಜ್ಜಿ, ಬಾಗ್ಲು ತೆಗೀತೀನಿ."

"ಒನಕೆ ಬೀಳೋಗಂಟ ಚಿಲಕ ಮುಟ್ಟುದ್ರೆ ನೋಡು!"

ಪಕ್ಕದ ಮನೆಯ ತಾತ ನಕ್ಕರು. "ನಿನ್ ಪುಸ್ತಕದಾಗೆ ಬಿಟ್ಟದೆ ಕಣಮ್ಮಿ. ಒನಕೆಗೂ ಯಾರಾನ ಹೇಳ್ಬೇಕಲ್ಲ?"

ಜನರೂ ನಕ್ಕರು. ಕಿಟಕಿಯಿಂದ ಅತ್ತಿಗೆಯ ದನಿ ಸಣ್ಣಗೆ ಬಂತು: "ತಲೆ ಸುತ್ತುತಾ ಅದೆ ಕಣೆ. ಒಂದು ಲೋಟ ನೀರು ಕೊಡೆ."

ನಾನು ಡೈರಿ ಮುಚ್ಚಿ ಹೋಗಿ ಒನಕೆಯನ್ನು ಎತ್ತಿ ಗೋಡೆಗೆ ಒರಗಿಸಿದೆ. "ಹೇಳಿದೀನಿ ತಾತ," ಎಂದು ಚಿಲಕ ತೆಗೆದೆ.

"ಮಗೀಗೆ ಏನಾನ ಆದ್ರೆ ನಿನ್ ತಲೆ ಮ್ಯಾಲೆ!" ಎಂದಳು ಅಜ್ಜಿ.

"ಆಗ್ಲಿ. ನನ್ ಹೆಸ್ರಲ್ಲೇ ಬರ್ಕೊತೀನಿ." ಬರೆದೂಬಿಟ್ಟೆ, 11.38.

ಅತ್ತಿಗೆ ನಿಂತಲ್ಲೇ ಮೂರು ಲೋಟ ನೀರು ಕುಡಿದಳು. ಎರಡು ಇಡ್ಲಿ ತಿಂದಮೇಲೆ ಮುಖಕ್ಕೆ ಬಣ್ಣ ಬಂತು. ಆಮೇಲೆ ಅಂಗಳಕ್ಕೆ ಬಂದು, ಯಾರನ್ನೂ ಕೇಳದೆ, ಗೋಡೆಗೊರಗಿದ್ದ ಒನಕೆಯನ್ನು ಹರಿವಾಣಕ್ಕೆ ತಂದಳು. ಅತ್ತಿತ್ತ ವಾಲಿಸಿ, ಅದರ ತಳದ ಕಬ್ಬಿಣದ ಬಳೆ ಸಮವಾಗಿ ಕೂರುವವರೆಗೆ ಹಿಡಿದು, ಕೈ ಬಿಟ್ಟಳು. ಒನಕೆ ನಿಂತಿತು.

ತಾತ ಸೂರ್ಯನತ್ತ ಒಮ್ಮೆ, ಒನಕೆಯತ್ತ ಒಮ್ಮೆ ನೋಡಿದರು.

"ಅದ್ರ ತಳ ಸಪಾಟಾಗಿ ಅದೆ, ಅದ್ಕೇ," ಎಂದಳು ಅಜ್ಜಿ.

ಡೈರಿಯ ಆ ದಿನದ ಕೊನೆಯ ಸಾಲು: 12.05, ಬಿಸಿಲು, ನಿಂತಿದೆ. ನಿಲ್ಲಿಸಿದವಳು, ಅತ್ತಿಗೆ.