ಮೂರು ಲಕ್ಷದ ಅರವತ್ತು ಸಾವಿರದ ಮುನ್ನೂರ ಅರವತ್ತು

ಪಿತ್ತಕೋಶದ ಕಲ್ಲು ತೆಗೆಸಿಕೊಳ್ಳಲು ತಿರುವನಂತಪುರದ ಉಳ್ಳೂರಿನ ಆಸ್ಪತ್ರೆಯೊಂದಕ್ಕೆ ಸೇರಿದಾಗ ನನ್ನ ಮಣಿಕಟ್ಟಿಗೆ ಪ್ಲಾಸ್ಟಿಕ್ ಪಟ್ಟಿಯೊಂದನ್ನು ಕಟ್ಟಿದರು. ಅದರ ಮೇಲೆ ನನ್ನ ಹೆಸರು, ಕೆಳಗೆ 360360 ಎಂಬ ಸಂಖ್ಯೆ.

ಕೊಚ್ಚಿಯ ಐಟಿ ಪಾರ್ಕಿನಲ್ಲಿ ಕೆಲಸ ಮಾಡುವ ಮಗಳು ಬೆಳಗಿನ ರೈಲಿಗೆ ಬಂದಿದ್ದಳು. ಬ್ಯಾಂಕಿನ ವರ್ಗಾವಣೆಯ ಮೇಲೆ ನಾನು ಮೈಸೂರಿನಿಂದ ತಿರುವನಂತಪುರಕ್ಕೆ ಬಂದಾಗ ಅವಳಿನ್ನೂ ಮಾತು ಕಲಿಯುತ್ತಿದ್ದಳು. ನಾನು ಕನ್ನಡದಲ್ಲಿ ಕೇಳುವುದು, ಅವಳು ಮಲಯಾಳದಲ್ಲಿ ಉತ್ತರಿಸುವುದು ಪಟ್ಟಂನ ನಮ್ಮ ಮನೆಯ ರೂಢಿಯಾಗಿಬಿಟ್ಟಿತ್ತು.

ನನಗೆ ಭಯವಾಗಿತ್ತು, ಹೇಳಿರಲಿಲ್ಲ. ಅವಳು ನನ್ನ ಕೈ ಹಿಡಿದು ಪಟ್ಟಿಯನ್ನು ತಿರುಗಿಸುತ್ತ ಕೂತಿದ್ದಳು. ಏನಾದರೂ ಮಾತಾಡಬೇಕಲ್ಲ ಎಂದು, "ಇದು ಅವಿಭಾಜ್ಯ ಸಂಖ್ಯೇನಾ?" ಎಂದೆ.

"ಅಲ್ಲ ಅಮ್ಮೇ, ಅಭಾಜ್ಯಮಲ್ಲ," ಎಂದು ನಕ್ಕಳು. ಸೊನ್ನೆಯಲ್ಲಿ ಮುಗಿಯುವುದು ಹತ್ತರಿಂದ ಹೇಗೂ ಭಾಗವಾಗುತ್ತದಲ್ಲ ಎಂದಳು. ಆಮೇಲೆ ತನ್ನಷ್ಟಕ್ಕೆ ಲೆಕ್ಕ ಹಾಕತೊಡಗಿದಳು. ಮುನ್ನೂರ ಅರವತ್ತು ಎರಡು ಸಲ ಬಂದಿರುವುದರಿಂದ ಇದು ಅದನ್ನು ಸಾವಿರದ ಒಂದರಿಂದ ಗುಣಿಸಿದ ಸಂಖ್ಯೆ. ಸಾವಿರದ ಒಂದು ಎಂದರೆ ಏಳು, ಹನ್ನೊಂದು, ಹದಿಮೂರರ ಗುಣಲಬ್ಧ. ಉಳಿದ ಚಿಕ್ಕ ಭಾಜಕಗಳೆಲ್ಲ ಮುನ್ನೂರ ಅರವತ್ತರಲ್ಲೇ ಇವೆ. ಹೀಗಾಗಿ ಒಂದರಿಂದ ಹದಿನೈದರವರೆಗೆ ಯಾವುದರಿಂದ ಭಾಗಿಸಿದರೂ ಏನೂ ಉಳಿಯುವುದಿಲ್ಲ. ಅಂಥ ಸಂಖ್ಯೆಗಳಲ್ಲಿ ಇದೇ ಎಲ್ಲಕ್ಕಿಂತ ಚಿಕ್ಕದಂತೆ. ಹದಿನಾರರಿಂದ ಭಾಗಿಸಿದರೆ ಮಾತ್ರ ಎಂಟು ಉಳಿಯುತ್ತದೆ. ತನ್ನನ್ನು ಬಿಟ್ಟು ಉಳಿದ ಭಾಜಕಗಳನ್ನೆಲ್ಲ ಕೂಡಿಸಿದಾಗ ತನಗಿಂತ ದೊಡ್ಡ ಮೊತ್ತ ಬಂದರೆ ಆ ಸಂಖ್ಯೆಯನ್ನು 'ಅಬಂಡೆಂಟ್' ಎನ್ನುತ್ತಾರೆ, ಇದೂ ಹಾಗೇ, ಎಂದಳು. ಸಮೃದ್ಧ, ಎಂದುಕೊಂಡೆ. ಅಷ್ಟರಲ್ಲಿ ಸ್ಟ್ರೆಚರ್ ಬಂತು.

ಅರಿವಳಿಕೆ ಇಳಿಯುವ ಹೊತ್ತಿಗೆ ನಾನು ಎಲ್ಲಿದ್ದೆನೋ. ಕಡಲಿನಷ್ಟು ಅಗಲದ ಚಪ್ಪರ, ಬಾಳೆಲೆಗಳ ಸಾಲುಗಳು. ಜನ ಸದ್ದಿಲ್ಲದೆ ಬಂದು ಏಳೇಳು ಮಂದಿಯಾಗಿ ಕೂತರು. ಎದ್ದು ಹನ್ನೊಂದರ ಸಾಲಾದರು, ಮತ್ತೆ ಹದಿಮೂರರ ಸಾಲಾದರು. ಪ್ರತಿ ಸಲವೂ ಸಾಲು ತುಂಬುತ್ತಿತ್ತು, ಎಲೆ ಖಾಲಿ ಬೀಳುತ್ತಿರಲಿಲ್ಲ. ತೀರಿಹೋದ ನನ್ನ ಅಮ್ಮ ಅವರ ನಡುವೆ ಪಾಯಸ ಬಡಿಸುತ್ತಿದ್ದಳು. ಆಮೇಲೆ ಯಾರೋ ಹದಿನಾರರ ಸಾಲು ಹಾಕಿಸಿದರು. ಕೊನೆಯ ಸಾಲಿನಲ್ಲಿ ಎಂಟೇ ಜನ. ಸಾಲು ತುಂಬದೆ ಕೂರುವುದಿಲ್ಲವೆಂಬಂತೆ ಅವರು ನಿಂತೇ ಇದ್ದರು. ನನಗೆ ತುಂಬ ಸಂಕಟವಾಯಿತು.

"ಎಂಟು ಜನ ನಿಂತೇ ಇದಾರೆ ಕಣೇ, ಕೂರ್ಸು," ಎಂದೆನಂತೆ.

ಮಗಳ ಮುಖ ಹತ್ತಿರ ಬಂತು. "ಕೂತ್ಕೊಂಡ್ರು ಅಮ್ಮ. ಎಲ್ಲಾರೂ ಕೂತ್ಕೊಂಡ್ರು. ನೀನು ಮಲಕ್ಕೋ."

ಅವಳ ಕನ್ನಡ ನನ್ನ ಅಮ್ಮನ ಕನ್ನಡದ ಹಾಗೇ ಇತ್ತು. ಎಲ್ಲಿ ಇಟ್ಟುಕೊಂಡಿದ್ದಳೋ ಇಷ್ಟು ವರ್ಷ. ಕೇಳಬೇಕೆನಿಸಿತು. ನಿದ್ದೆ ಬಂದುಬಿಟ್ಟಿತು.

ಮನೆಗೆ ಹೊರಟ ಮಧ್ಯಾಹ್ನ ಆಟೋದಲ್ಲಿ ಅವಳು ನನ್ನ ಹೊಟ್ಟೆಗೆ ದಿಂಬು ಒತ್ತಿ ಹಿಡಿದು, ಹೊಂಡ ಬಂದಾಗಲೆಲ್ಲ "ಚೇಟ್ಟಾ, ಪದುಕ್ಕೆ" ಎಂದು ಡ್ರೈವರಿಗೆ ಹೇಳುತ್ತಿದ್ದಳು. ಅವನು ನಿಧಾನ ಮಾಡುತ್ತಿದ್ದ. ನಾನು ಅವಳ ಭುಜಕ್ಕೆ ಒರಗಿ, ರಸ್ತೆ ಬದಿಯ ಮರಗಳು ಮೆಲ್ಲಗೆ ಹಿಂದೆ ಸರಿಯುವುದನ್ನು ನೋಡುತ್ತ ಕೂತೆ.