ಇಂಜಿನ್ ಮನಿ ಮೌನಪ್ಪನ ಬೆಂಡು

ನಮ್ಮಪ್ಪ ಮೌನಪ್ಪಗ ಮೀನು ಹಿಡಿಯೋದು ಬಿಟ್ರ ಬ್ಯಾರೆ ಏನೂ ಬರ್ತಿರಲಿಲ್ಲ. ಅದೂ ಭಾಳ ಛಂದ ಏನ್ ಬರ್ತಿರಲಿಲ್ಲ ಅಂತ ನಮ್ಮ ಆಯಿ ಅಂತಿದ್ಲು. ಆಯಿ ಅಂದ್ರ ಅಪ್ಪನ ಹಡದವ್ವ, ಸುಗಲಮ್ಮ. ಸುರಪುರದ ಕಡಿ ಹೆಣ್ಣು, ಕೃಷ್ಣಿ ನೀರು ಕುಡದು ಬೆಳದಾಕಿ. ಯಾದಗಿರಿಗಿ ಸೊಸಿಯಾಗಿ ನಡೀಲಿಕ್ಕೆ ಬಂದು ಕೂದಲ ಬೆಳ್ಳಗಾದ್ರೂ ಭೀಮಿ ನೀರು ಕುಡದು ಮಾರಿ ಕಿವಚೋದು ಬಿಟ್ಟಿರಲಿಲ್ಲ. ಆದ್ರ ಹೊಳಿ ನೀರು ಬಿಟ್ಟು ಬ್ಯಾರೆ ನೀರು ಮುಟ್ಟತಿರಲಿಲ್ಲ.

ನಮ್ಮವ್ವ ಹಣಮಂತಮ್ಮ ಕಾಲರಾದಾಗ ಹೋದ್ಲು. ಮುಂಜಾನಿ ರೊಟ್ಟಿ ಬಡದಾಕಿ ಮರುದಿನ ಮುಂಜಾನಿ ಇರಲಿಲ್ಲ. ಊರ ದೇವಿ ಮರಗಮ್ಮ ಸಿಟ್ಟಾಗ್ಯಾಳ ಅಂತ ಓಣ್ಯಾಗ ಅಂದ್ರು. ಡಾಕ್ಟರ್ ಬಂದು, ಹೊಳಿ ನೀರು ಕುಡೀಬ್ಯಾಡ್ರಿ ಅಂದ. ಮಂದಿ ಹೌದ್ರಿ ಅಂದು, ಕೊಡ ತಗೊಂಡು ಹೊಳಿಗಿ ಹೋದ್ರು. ಅಪ್ಪ ಒಬ್ಬನ ಆ ಮಾತು ಗಟ್ಟಿ ಹಿಡಕೊಂಡ. ಮುಂದ ಹೊಳಿ ದಂಡಿಗಿ ನೀರೆತ್ತೋ ಇಂಜಿನ್ ಕೂಡಿಸಿ ಓಣಿಗೊಂದು ನಳ ಹಾಕಿದಾಗ, ಬಲಿ ಮೂಲಿಗಿ ಒಗದು ಇಂಜಿನ್ ಮನ್ಯಾಗ ನೌಕರಿಗಿ ನಿಂತ.

ಆಗ ನಿಜಾಮನ ರಾಜ್ಯ, ಮ್ಯಾಲ ಬಿಳೇರ ದೊಡ್ಡ ಲಡಾಯಿ ಬ್ಯಾರೆ. ಹೈದರಾಬಾದಿಂದ ಮನ್ಸೂರಅಲಿ ಅನ್ನೋ ಮಿಸ್ತ್ರಿ ಒಂದು ಗಾಜಿನ ನಳಿಗಿ ತಂದ್ರು. ಹಸಗೂಸಿನಂಗ ಕೌದ್ಯಾಗ ಸುತ್ತಿ, ತೊಡಿಮ್ಯಾಲ ಇಟ್ಟುಕೊಂಡು ರೈಲಿನ್ಯಾಗ ತಂದಿದ್ರು. ಮಳ ಉದ್ದ ಇತ್ತು. ಕೆಳಗ ಸಣ್ಣ, ಮ್ಯಾಲ ಹೋದಂಗ ಅಗಲ. ಒಳಗ ಬೆರಳಿನಷ್ಟು ಒಂದು ಲೋಹದ ಗುಂಡು. ಹುಳ ಸಾಯಲಿ ಅಂತ ನೀರಿಗಿ ಹಾಕ್ತಾರಲ್ಲ, ಆ ನಾರೋ ಬಿಳಿ ಪುಡಿ, ಅದನ್ನ ಒಂದು ಪೀಪಾಯ್ದಾಗ ಕಲಸಿ ಇಡೋದು. ಅದರ ತಿಳಿ ಈ ನಳಿಗ್ಯಾಗ ಕೆಳಗಿಂದ ಮ್ಯಾಲ ಹಾಯ್ದು ಊರ ನೀರಿಗಿ ಕೂಡೋದು. ತಿಳಿ ಎಷ್ಟು ಜೋರು ಹರೀತದ, ಗುಂಡು ಅಷ್ಟು ಮ್ಯಾಲ ಏರತದ. ಗಾಜಿನ ಮ್ಯಾಲ ಗೆರಿ ಕೊರದಾರ. ಗುಂಡಿನ ತಲಿ ಯಾವ ಗೆರಿಗಿ ನಿಂತದ, ಅದ ಲೆಕ್ಕ.

ಅಪ್ಪ ಅದನ್ನ ನೋಡಿ, "ಇದು ಬೆಂಡು ಅಲ್ರೀ ಸಾಬ್ರ? ಗಾಳದ ದಾರಕ್ಕ ಕಟ್ಟತೀವಲ್ಲ?" ಅಂದ.

ಸಾಬ್ರು ಜರಾ ವಿಚಾರ ಮಾಡಿ, "ಹೌದು, ಬೆಂಡ ಅನ್ನು" ಅಂದ್ರು.

"ಬೆಂಡು ಮುಳುಗಿತಂದ್ರ ನಮಗ ಖುಷಿ ನೋಡ್ರಿ."

"ಇಲ್ಲಿ ಮುಳುಗಿದ್ರ ಕಾಲರಾ ಬರ್ತದ. ಖುಷಿ ಪಡಬ್ಯಾಡ."

ಸಾಬ್ರು ದಾರಕ್ಕ ಬ್ಯಾರೆ ಒಂದು ಗುಂಡು ಕಟ್ಟಿ ಇಳಿಬಿಟ್ಟು, ನಳಿಗಿ ಸೀದಾ ನಿಂತದೋ ಇಲ್ಲೋ ಅಂತ ಆ ಕಡಿಂದ ಈ ಕಡಿಂದ ನೋಡಿ ನೋಡಿ ಕೂಡಿಸಿದ್ರು. ವಾಲಿದ್ರ ಬೆಂಡು ಗಾಜಿಗಿ ಒರಗಿ ಸುಳ್ಳು ಹೇಳತದಂತ. ತಿಳಿ ಬಿಡೋ ಚಾವಿ ಸಾವಕಾಶ ತಿರುವಬೇಕು, ಇಲ್ಲಾಂದ್ರ ಬೆಂಡು ಹಾರಿ ಗಾಜಿಗಿ ಬಡೀತದ. ಒಡದ್ರ ಇನ್ನೊಂದು ವಿಲಾಯತಿಂದ ಬರಬೇಕು, ವಿಲಾಯತಿಯವ್ರಿಗಿ ಪುರಸೊತ್ತಿಲ್ಲ. ಬಗ್ಗಿ ಕಣ್ಣು ಬೆಂಡಿನ ಸಮಕ್ಕ ತಂದು ನೋಡಬೇಕು. ಪುಡಿ ಸುಣ್ಣದಂಗ ಮೆತ್ತಿಕೊಳ್ಳತದ, ಅದಕ್ಕ ವಾರಕ್ಕೊಮ್ಮಿ ನಳಿಗಿ ಬಿಚ್ಚಿ ಹುಣಸಿ ಹುಳ್ಯಾಗ ತೊಳೀಬೇಕು. ಕಡೀಕ ಸಾಬ್ರು ಒಂದು ಮಾತು ಹೇಳಿದ್ರು. ಬೆಂಡಿನ ತಲಿಗಿ ಓರೆಯಾಗಿ ಗೆರಿ ಕೊರದಾರ, ತಿಳಿ ಹರಿಯೋ ತನಕ ಅದು ಗಿರಗಿರ ತಿರುಗತಿರತದ.

"ತಿರುಗೋದು ನೋಡು ಮೌನಪ್ಪ, ಬರೇ ಗೆರಿ ನೋಡಬ್ಯಾಡ" ಅಂದು ಸಾಬ್ರು ಶಹಾಪುರಕ್ಕ ಹೋದ್ರು.

ಅಪ್ಪಗ ಅಂಕಿ ಓದಾಕ ಬರ್ತಿರಲಿಲ್ಲ. ಬೆಂಡು ನಿಲ್ಲಬೇಕಾದ್ದು ಕೆಳಗಿಂದ ಏಳನೇ ಗೆರಿ ಅಂತ ತಲ್ಯಾಗ ಇಟ್ಟುಕೊಂಡ. ಆ ಪುಡಿ ಕಲಸಿ ಕಲಸಿ ಅವನ ಮೂಗು ಸತ್ತೇ ಹೋಯ್ತು. ಮನಿ ಹಿಂದ ಇಲಿ ಸತ್ತು ನಾರಿದ್ರೂ ನಾನ ಹೇಳಬೇಕು. ಊರ ಮಂದಿ ಬೈಕೋತ ಬೈಕೋತ ನಳದ ನೀರಿಗಿ ಹೊಂದಿಕೊಂಡ್ರು. ಆಯಿ ಮಾತ್ರ ದಿನಾ ನಳದ ಮುಂದಿಂದ್ಲೇ ಕೊಡ ಹೊತ್ತು ಹೊಳಿಗಿ ಹೋಗತಿದ್ಲು. ಮಗ ದವಾ ಹಾಕಿದ ನೀರು ಊರೆಲ್ಲಾ ಕುಡೀಬೇಕು, ಅವನ ಮನ್ಯಾಗ ಹೊಳಿ ನೀರು! ಓಣ್ಯಾಗ ಏನ್ ನಗತಿದ್ರು ಅಂತೀರಿ.

ಅಪ್ಪಗ ನಗಿ ಬರ್ತಿರಲಿಲ್ಲ. ಆಯಿ ಕೊಡ ನೋಡಿದಾಗೆಲ್ಲ ಅವನ ಮಾರಿ ಸಣ್ಣದಾಗತಿತ್ತು. "ಹೇಣ್ತಿನ್ನ ಒಯ್ದದ ಈ ಹೊಳಿ. ನಿನ್ನ ಬಿಡತದೇನಬೇ? ನೀನೂ ಹೋದ್ರ ನಾ ಯಾರ ಮಾರಿ ನೋಡಲಿ?" ಅಂತ ಬಾಯಿಬಿಟ್ಟು ಅಂತಿದ್ದ.

"ಮಗಳ ಮಾರಿ ನೋಡು. ನಾರೋ ನೀರು ದೇವ್ರ ಮುಂದ ಹೆಂಗ ಇಡಲೋ? ದೇವ್ರು ಒಲ್ಲದ ನೀರು ನನಗ್ಯಾಕ?" ಅಂತಿದ್ಲು ಆಯಿ.

ಒಂದಿನ ನನಗ ಜ್ವರ ಬಂದು, ಅಪ್ಪನ ಬುತ್ತಿ ಆಯೀನ ಒಯ್ದ್ಲು. ಇಂಜಿನ್ ಮನ್ಯಾಗ ಹೆಜ್ಜಿ ಇಟ್ಟಾಕಿ ಅಲ್ಲೇ ನಿಂತುಬಿಟ್ಲಂತ. ಗಾಜಿನೊಳಗ ಯಾರೂ ಮುಟ್ಟದಲೇ ಬೆಂಡು ಗಿರಗಿರ ಕುಣಿಯಾಕತ್ತಿತ್ತು.

"ಮೌನ್ಯಾ, ಯಾರೋ ಇಕಿ?"

ಅಪ್ಪ ಬಾಯಿ ತೆಗಿಯೋದ್ರಾಗ ಆಯಿ ಬುತ್ತಿ ಕೆಳಗಿಟ್ಟು ಅಡ್ಡ ಬಿದ್ದಿದ್ಲು. ಮರಗಮ್ಮ ಬಂದು ಕುಂತಾಳ, ಊರ ನೀರೆಲ್ಲಾ ಅಕಿ ಮೈ ತೊಳದು ಬರ್ತದ, ಅಂದಮ್ಯಾಲ ಅದು ತೀರ್ಥ. ತೀರ್ಥ ಅಂದ್ರ ಜರಾ ವಾಸನಿ ಇರತದ. ಹಿಂಗ ತಾನ ಹೇಳಿ ತಾನ ಒಪ್ಪಿಕೊಂಡ್ಲು. ಅವತ್ತು ಸಂಜಿಗಿ ನಮ್ಮ ಮನ್ಯಾಗ ನಳದ ನೀರು ಬಂತು. ಅಪ್ಪ ಅಲ್ಲ ಅನಲಿಲ್ಲ, ಹೌದೂ ಅನಲಿಲ್ಲ. ಅಡಗಿ ಮನಿ ಬಾಗಲದಾಗ ನಿಂತು, ಅಕಿ ತಂಬಗಿ ಎತ್ತೋದು ನೋಡಿ ಕಣ್ಣೀರು ಹಾಕಿದ.

ತಂಟೆ ಮರುದಿನ ಸುರು ಆಯ್ತು. ಆಯಿ ಹೋಗಿ ಗಾಜಿನ ತುಂಬ ಅರಿಷಿಣ ಕುಂಕುಮ ಬಳದು ಬಂದ್ಲು. ಒಳಗಿನ ಬೆಂಡು ಕಾಣದಂಗಾಯ್ತು. ಅಪ್ಪ ಒರಸಿದ. ದೇವೀನ್ನ ಒರಸಿದಿ ಅಂತ ಆಯಿ ಮತ್ತ ಕೊಡ ಎತ್ತಿದ್ಲು. ಕಡೀಕ ಅಪ್ಪ ನಳಿಗಿ ಹಿಂದಿನ ಹಲಗಿ ಮ್ಯಾಲ, ಬರೋಬ್ಬರಿ ಏಳನೇ ಗೆರಿ ಸಮಕ್ಕ, ಒಂದು ಕುಂಕುಮದ ಬೊಟ್ಟು ಇಟ್ಟ. "ನಿನ್ನ ದೇವಿ ಜಾಗ ಇದು. ಇದರ ಮುಂದ ನಿಂತಿರತಾಳ. ಗಾಜು ಮುಟ್ಟಬ್ಯಾಡ" ಅಂದ. ಆಯಿ ಒಪ್ಪಿದ್ಲು, ತನ್ನದೊಂದು ಕರಾರು ಹಾಕಿದ್ಲು. ಕುಂತ ದೇವ್ರನ್ನ ಎಬ್ಬಿಸಬಾರದು, ಇನ್ನ ಮುಂದ ನಳಿಗಿ ಬಿಚ್ಚಂಗಿಲ್ಲ.

ಅಪ್ಪಗ ತೊಳಿಯೋದು ಗೊತ್ತಿತ್ತು. ಆದ್ರ ತನ್ನವ್ವ ನಳದ ನೀರು ಕುಡಿಯಾಕತ್ತಾಳ, ಅದಕ್ಕಿಂತ ಏನ್ ಬೇಕು? ಈ ವಾರ ಇರಲಿ, ಮುಂದಿನ ವಾರ ನೋಡಿದ್ರಾಯ್ತು ಅಂತ ಹುಣಸಿ ಹುಳಿ ಬಿಟ್ಟ. ಓಣಿ ಹೆಂಗಸರೂ ಮುಂಜಾನಿ ಬಂದು ಇಣಕಿ ನೋಡಾಕತ್ತಿದ್ರು. ದೇವಿ ಕುಂಕುಮದ ಮುಂದ ಅದಾಳ ಅಂದ್ರ ಕೈ ಮುಗುದು ಹೋಗೋದು. ಬರಬರತ ಅಪ್ಪನೂ ಹಂಗ ನೋಡಾಕತ್ತಿದ. ಬಗ್ಗೋದಿಲ್ಲ, ತಿರುಗೋದು ನೋಡೋದಿಲ್ಲ. ಕುಂಕುಮದ ಮುಂದ ಅದ, ಮುಗೀತು.

ಮಳಿ ಸುರುವಾಗಿ ಹೊಳಿಗಿ ಕೆಂಪು ನೀರು ಬಂತು. ಸ್ಟೇಶನ್ ಕಡಿ ಒಂದೆರಡು ಮನ್ಯಾಗ ಕಾಲರಾ ಅಂತ ಸುದ್ದಿ ಹಬ್ಬಿತು. ಅವತ್ತು ಮುಂಜಾನಿ ನಳದ ಹತ್ತರ ಬಾಜೂಮನಿ ಕಲ್ಯಾಣಮ್ಮ, "ಇವತ್ತ ನೀರು ಭಾಳ ಛಲೋ ಅದ ನೋಡ್ರೇ, ಒಟ್ಟ ನಾರವಲ್ದು" ಅಂದ್ಲು. ಎಲ್ಲಾರಿಗೂ ಖುಷಿ ಆಯ್ತು. ಆಯಿ ಬೊಗಸಿಗಿ ನೀರು ಹಿಡದು ಮೂಸಿ ನೋಡಿ, ನನ್ನ ಕೈ ಹಿಡದು ಇಂಜಿನ್ ಮನಿಗಿ ಎಳಕೊಂಡು ಹೋದ್ಲು.

ಬೆಂಡು ಕುಂಕುಮದ ಮುಂದ ಇತ್ತು.

"ನಿಂತಾಳ. ಕುಣಿಯಾಕತ್ತಿಲ್ಲ" ಅಂದ್ಲು ಆಯಿ.

"ಜಾಗಾದಾಗ ಅದ ಇಲ್ಲೋ?" ಅಂದ ಅಪ್ಪ.

"ಅದ."

"ಮತ್ತೇನಬೇ ನಿಂದು?"

"ಹೆಣಾನೂ ಗ್ವಾಡಿಗಿ ಆನಿಸಿದ್ರ ಕುಂಡ್ರತದ."

ಅಷ್ಟಂದು ಆಯಿ ತಿರುಗಿ ಬಂದು ನಳದ ಮುಂದ ಕುಂತ್ಲು. ತುಂಬಿದ ಕೊಡ ಬಂದಂಗ ಬಂದಂಗ ಉಳ್ಳಿಸಿದ್ಲು. ಕಲ್ಯಾಣಮ್ಮನ ಕೊಡ ನೆಗ್ಗೇ ಹೋಯ್ತು. ಓಣಿ ತುಂಬ ಒದರಾಟ. ಸುದ್ದಿ ಕೇಳಿ ಅಪ್ಪ ಓಡಿ ಬಂದ. ಊರಿಗೇ ದವಾ ಹಾಕೋ ಮನಷ್ಯಾನ ಅವ್ವ ನಡುಓಣ್ಯಾಗ ಹಿಂಗ ಕುಂತ್ರ ಮಾನ ಎಲ್ಲಿ ಉಳೀತದ? ಸಿಟ್ಟಿಗಿ ಬಂದು, ಉಳದಿದ್ದ ಒಂದು ಕೊಡದಾಗ ತಂಬಗಿ ಅದ್ದಿ, "ನೋಡ್ರಿ, ಏನಾಗೇದ ಇದಕ್ಕ?" ಅಂದ.

"ಕುಡೀಬ್ಯಾಡೋ ಮೌನ್ಯಾ. ನಿನ್ನ ಕಾಲು ಬೀಳತೀನಿ."

ಗಟಗಟ ಕುಡದ. ಮ್ಯಾಲ ಇನ್ನೊಂದು ತಂಬಗಿ ಕುಡದ. ಬಾಯಿ ಒರಸಿಕೊಂಡು ಇಂಜಿನ್ ಮನಿಗಿ ಹೋದ.

ಮರುದಿನ ಮಧ್ಯಾಹ್ನಕ್ಕ ಅಪ್ಪ ಹಾಸಿಗಿ ಹಿಡದ. ವಾಂತಿ, ಭೇದಿ, ಕೈಕಾಲು ಸೆಡವು, ಕಣ್ಣು ಗುಣಿ. ನಾ ಇವೆಲ್ಲಾ ಒಮ್ಮಿ ನೋಡಿದ್ದೆ, ನಮ್ಮವ್ವನ ಮೈಮ್ಯಾಲ. ನಮ್ಮ ಓಣ್ಯಾಗ ಬ್ಯಾರೆ ಯಾರೂ ಬೀಳಲಿಲ್ಲ, ಆಯಿ ಉಳ್ಳಿಸಿದ ಕೊಡದ ಪುಣ್ಯ. ಮುಂದಿನ ಓಣ್ಯಾಗ ಏನಾಯ್ತು ಅಂತ ಹೇಳಂಗಿಲ್ಲ. ಹೇಳಿದ್ರ ಅವತ್ತು ನನಗ ಅನ್ನ ಸೇರಂಗಿಲ್ಲ.

ಆಯಿ ಅಳಲಿಲ್ಲ. ಕಲ್ಯಾಣಮ್ಮನ್ನ ಅಪ್ಪನ ಹತ್ತರ ಕೂಡಿಸಿ, ಒಂದು ಬುಟ್ಯಾಗ ಹುಣಸಿಹಣ್ಣು ಹಾಕ್ಕೊಂಡು, ನನ್ನ ಕರಕೊಂಡು ಇಂಜಿನ್ ಮನಿಗಿ ನಡದ್ಲು. ನಳಿಗಿ ಬಿಚ್ಚಿಕೊಡು ಅಂದ್ರ ಇಂಜಿನ್ ನಡಸೋ ಅಮಾತೆಪ್ಪ, "ದೇವೀನ್ನ ನಾ ಮುಟ್ಟಂಗಿಲ್ಲಬೇ ಯವ್ವಾ, ನೀನ ಹೇಳೀದಿ" ಅಂತ ಹಿಂದ ಸರದ. ಬುತ್ತಿ ಒಯ್ದಾಗ ಅಪ್ಪ ಬಿಚ್ಚೋದು ನಾ ನೋಡಿದ್ದೆ, ಚಾವಿ ಬಂದ್ ಮಾಡಿ ನಾವ ಬಿಚ್ಚಿದಿವಿ. ನಳಿಗ್ಯಾಗ ಸುಣ್ಣದಂಥ ಬಿಳಿ ಹೆಕ್ಕಳಿಕಿ ಕಟ್ಟಿ, ಬೆಂಡು ಕುಂಕುಮದ ಮುಂದ ಅಲ್ಲೇ ಹತ್ತಿಬಿಟ್ಟಿತ್ತು. ತಿಳಿ ಹೊರಗ ಹೋಗೋ ಮ್ಯಾಲಿನ ತೂತು ಪೂರ್ತಿ ಮುಚ್ಚಿತ್ತು. ಒಂದು ಹನಿ ದವಾ ಊರಿಗಿ ಹೋಗ್ತಿರಲಿಲ್ಲ. ಆಯಿ ಕುಂತು, ಮನಿ ದೇವ್ರ ಮೂರ್ತಿ ತಿಕ್ಕಿದಂಗ ಹುಳಿ ಹಚ್ಚಿ ತಿಕ್ಕಿದ್ಲು. ತಿರುಗಿ ಕೂಡಿಸಿ ದಾರದ ಗುಂಡು ಬಿಟ್ಟು ನೋಡಿ, ಚಾವಿ ಸಾವಕಾಶ ತಿರುವಿದಿವಿ. ಬೆಂಡು ಜರಾ ಏರಿತು, ನಿಂತಿತು, ತಿರುಗಿತು. ಆಯಿ ಹಲಗಿ ಮ್ಯಾಲಿನ ಕುಂಕುಮ ಸೆರಗಿಲೆ ಒರಸಿ ಹಾಕಿದ್ಲು.

ಆಮ್ಯಾಲ ಎರಡು ದಿನ ಚಮಚ ಚಮಚ ಉಪ್ಪಿನ ಗಂಜಿ ಹಾಕಿದ್ಲು. ಅಪ್ಪ ಕಾರಿದ್ರ ಮತ್ತ ಹಾಕೋದು. ಮೂರನೇ ದಿನ ಅಪ್ಪ ಕಣ್ಣು ತೆಗದು, "ಬೆಂಡು?" ಅಂದ.

"ತೊಳದೇನಿ. ಕುಣಿಯಾಕತ್ತದ."

"ದೇವೀನ್ನ ಎಬ್ಬಿಸಬಾರದು ಅಂತಿದ್ದಿ."

"ಮಗ ಬಿದ್ದಾನ, ಅಕಿ ಕುಂತಿರತಾಳೇನು? ಏಳು ಅಂದೆ."

ಅಪ್ಪ ನೀರು ಬೇಡಿದ. ಆಯಿ ತಂಬಗಿ ತುಟಿ ತನಕ ತಂದ್ರ ಬಾಯಿ ಬಿಡಲಿಲ್ಲ. ಅವನ ಮೂಗಿಗಿ ಏನೂ ತಿಳೀತಿರಲಿಲ್ಲ. "ಇದು ಯಾವ ನೀರಬೇ?" ಅಂತ ಕೇಳಿದ.

ಆಯಿ ಮೂಗಿನ ಹತ್ತರ ಹಿಡದು ಮೂಸಿದ್ಲು. ತಾ ಮೊದಲ ಒಂದು ಗುಟುಕು ಕುಡದು ಮಾರಿ ಕಿವಚಿದ್ಲು.

"ಹೊಲಸ ನಾರತದ," ಅಂದ್ಲು. "ಕುಡಿ."