ಗೂಟದ ಕೆಳಗೆ ನಿಲ್ಲುವ ಯಂತ್ರ

ನಮ್ಮ ಪಕ್ಕದ ಮನೆಯ ಮಾಲತೇಶನಿಗೆ ಮೆಣಸಿನಕಾಯಿ ವಿಷಯದಲ್ಲಿ ಬುದ್ಧಿ ಹೇಳುವವರು ಬ್ಯಾಡಗಿಯಲ್ಲಿ ಯಾರೂ ಇಲ್ಲ. ದಲಾಲಿ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷದ ಚಾಕರಿ. ಚೀಲಕ್ಕೆ ಕೈ ಹಾಕಿ ಒಂದು ಕಾಯಿ ಮುರಿದು ಮೂಸಿದರೆ ಸಾಕು, ಯಾವ ಊರಿನ ಹೊಲದ್ದೆಂದು ಹೇಳಿಬಿಡುತ್ತಾನೆ. ಮುರಿದ ಕಾಯಿಯನ್ನು ಮಾಲೀಕರಿಗೆ ತೋರಿಸಲು ಅಂಗಿಯ ಜೇಬಿಗೆ ಹಾಕಿಕೊಳ್ಳುವುದು ಅವನ ರೂಢಿ. ಆದರೆ ಹೆಂಡತಿ ರೋಹಿಣಿಯ ದಮ್ಮಿನ ಕಾಯಿಲೆಯ ಮುಂದೆ ಈ ಜಾಣತನಕ್ಕೆ ಕವಡೆ ಕಿಮ್ಮತ್ತಿಲ್ಲ.

ಈ ವರ್ಷ ರೋಹಿಣಿಯನ್ನು ಎರಡು ಸಲ ಉಸಿರು ಕಟ್ಟಿ ಹಾವೇರಿಯ ಆಸ್ಪತ್ರೆಗೆ ಒಯ್ಯಬೇಕಾಯಿತು. ಮನೆಯಲ್ಲಿ ಧೂಳು ಏಳಕೂಡದು, ಕಸಬರಿಗೆ ಆಡಿಸಕೂಡದು, ಮೂರನೆಯ ಸಲ ಹೀಗಾದರೆ ಉಳಿಸುವುದು ಕಷ್ಟ ಎಂದರು ಡಾಕ್ಟರು. ತಾನೇ ಓಡಾಡಿ ಕಸ ಎಳೆದುಕೊಳ್ಳುವ ರೋಬೋಟ್ ಒಂದನ್ನು ಮಾಲತೇಶ ತರಿಸಿದ.

ಎಂಟು ದಿನ ಓಡಿತು. ಆಮೇಲೆ ದಿನಾ ಒಂದೇ ಕಡೆ, ಬಾಗಿಲ ಹಿಂದಿನ ಮೂಲೆಯಲ್ಲಿ, ಗುರ್ ಎಂದು ನಿಂತುಬಿಡತೊಡಗಿತು. ಮಾಲತೇಶ ಚಾಪೆ ಸುತ್ತಿಟ್ಟ, ಚಪ್ಪಲಿ ಹೊರಗೆ ಒಗೆದ, ವೈರು ಮೇಲೆ ಕಟ್ಟಿದ, ಕಪಾಟನ್ನೇ ಸರಿಸಿದ. ಕೊನೆಗೆ ಕದರಮಂಡಲಗಿ ಹನುಮಪ್ಪನಿಗೆ ಹರಕೆಯನ್ನೂ ಹೊತ್ತ. ಯಂತ್ರಕ್ಕಾಗಿ ಹರಕೆ ಹೊತ್ತವನನ್ನು ನಾನು ಕಂಡಿದ್ದು ಅದೇ ಮೊದಲು. ನಗಲು ಹೋಗಿ, ಅವನ ಮುಖ ನೋಡಿ ಸುಮ್ಮನಾದೆ. ಒಳಗೆ ರೋಹಿಣಿ ಗೋಡೆಗೆ ಒರಗಿ ಉಸಿರು ಎಳೆಯುತ್ತಿದ್ದಳು.

ಮರುದಿನ ಯಂತ್ರವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ನಾನೂ ಮಾಲತೇಶನೂ ರಾಣೆಬೆನ್ನೂರಿಗೆ ಬಸ್ಸು ಹತ್ತಿದೆವು. ಮಿಕ್ಸರ್ ರಿಪೇರಿ ಮಾಡುವ ಅಯಾಜ್ ಅದನ್ನು ಬೋರಲು ಹಾಕಿ ಸ್ಕ್ರೂ ಬಿಚ್ಚಿದ. ಮೂವರೂ ಸೀನಿದೆವು.

“ಗಾಲ್ಯಾಗ ಮೆಣಸಿನ ಬೀಜ ಸಿಕ್ಕೊಂಡಾವ್ರಿ ಅಣ್ಣಾರ. ಒಳಗೆಲ್ಲಾ ಕೆಂಪು ಪುಡಿ ಐತಿ. ಇದು ನಿಲ್ಲೂ ಜಾಗಾದಾಗ ಏನೈತ್ರಿ?”

“ಏನಿಲ್ಲಪಾ,” ಎಂದ ಮಾಲತೇಶ. “ನಾ ಅಂಗಿ ಹಾಕೂ ಗೂಟ ಐತಿ, ಅಷ್ಟ.”

ಹೇಳಿ ಮುಗಿಸುವಷ್ಟರಲ್ಲಿ ಅವನ ಕೈ ಜೇಬಿಗೆ ಹೋಗಿತ್ತು. ಹೊರಬಂದದ್ದು ಅರ್ಧ ಮುರಿದ ಕಾಯಿ, ನಾಲ್ಕು ಬೀಜ.

ಊರಿಗೆ ವಾಪಸಾದವನೇ ಮನೆಯ ಹೊಸ್ತಿಲ ಹೊರಗೇ ಅಂಗಿ ಕಳಚಿ ನಿಂತ.

“ರೋಹಿಣಿ, ಆ ಧೂಳು ನಾನ ತರಾಕತ್ತಿದ್ದೆ.”

“ಗೊತ್ತೈತ್ರಿ,” ಎಂದಳು ಅವಳು, ಉಸಿರು ಹಿಡಿದು ಹಿಡಿದು. “ಹೇಳಿದ್ರ ನೀವು ಒಳಗ ಬರೂದ ಬಿಡ್ತಿದ್ರಿ. ಒಬ್ಬಾಕಿನ ಕುಂತು ಉಸಿರಾಡಿ ನಾ ಏನ್ ಮಾಡ್ಲಿ?”

ಮೂರು ಸಲ ಸ್ನಾನ ಮಾಡಿದರೂ ಅವನ ಅಂಗೈಯಿಂದ ಕಾಯಿಯ ಘಾಟು ಹೋಗಲಿಲ್ಲ. ಅಂದು ಅವನು ಹೊಸ್ತಿಲ ಹೊರಗೇ ಕೂತು ಉಂಡ. ಅವಳು ತನ್ನ ತಾಟು ತಂದು ಹೊಸ್ತಿಲ ಒಳಬದಿಗೆ ಕೂತಳು.